ಹೊಲದಾಗ ಸಿಕ್ಕ ನಾಣ್ಯ: ವರ್ಷದ ಲೆಕ್ಕ ಇಡೋದು ಹೆಂಗ?

ಬಸವನ ಬಾಗೇವಾಡಿ ಕಡೆಯ ಮಸೂತಿಯಿಂದ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ: "ಸರ, ಆನ್‌ಲೈನ್‌ನ್ಯಾಗ ಮೆಟಲ್ ಡಿಟೆಕ್ಟರ್ ಸಿಗತಾವು. ಬ್ಯಾಸಗ್ಯಾಗ ನಮ್ಮ ಹೊಲ ಖಾಲಿ ಇರತೈತಿ. ಫಾರಿನ್‌ದಾಗ ಮಂದಿ ವರ್ಷಾಪೂರ್ತಿ ಹುಡುಕಿ, ಇಷ್ಟ ನಾಣ್ಯ ಸಿಕ್ಕು ಅಂತ ಲೆಕ್ಕ ಹಾಕತಾರ. ನಾವೂ ಹಂಗ ಮಾಡಿದ್ರ ಪೊಲೀಸರು ಹಿಡೀತಾರೇನು?"

ಚಲೋ ಪ್ರಶ್ನೆ. ಮೊದಲು ಆ ಫಾರಿನ್ ವಿಷಯ ನೋಡೋಣ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದು ಸಾವಿರಾರು ಜನರ ಹವ್ಯಾಸ. ಹೊಲದ ಮಾಲೀಕರ ಒಪ್ಪಿಗೆ ಪಡೆದು ಹುಡುಕುತ್ತಾರೆ, ಡಿಸೆಂಬರ್‌ನಲ್ಲಿ ಕೂತು ವರ್ಷದ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಹೆಚ್ಚಿನದೆಲ್ಲ ಯಾರದೋ ಜೇಬಿನಿಂದ ಬಿದ್ದ ಚಿಲ್ಲರೆ. ಅಲ್ಲಿ 1996ರ ನಿಧಿ ಕಾಯ್ದೆ ಇದೆ: 300 ವರ್ಷಕ್ಕಿಂತ ಹಳೆಯ ಚಿನ್ನ-ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಅಥವಾ ಹೆಚ್ಚು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಅದನ್ನು ಇಟ್ಟುಕೊಂಡರೆ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ ಬಹುಮಾನ ಸಿಗುತ್ತೆ. ಬಿಡಿ ನಾಣ್ಯಗಳನ್ನೂ ಸ್ವಇಚ್ಛೆಯಿಂದ ದಾಖಲಿಸೋಕೆ 1997ರಿಂದ ಒಂದು ಯೋಜನೆ ನಡೀತಿದೆ. ಅದರಲ್ಲಿ ಈಗ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಜನ ತೋರಿಸ್ತಾರೆ, ಯಾಕಂದ್ರೆ ತೋರಿಸಿದರೆ ಕಳೆದುಕೊಳ್ಳೋದು ಏನೂ ಇಲ್ಲ.

ನಮ್ಮ ಕಡೆ ಕಥೆ ಬೇರೆ. 1878ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ನಿಧಿ ಕಾಯ್ದೆ ದೇಶದಲ್ಲಿ ಇನ್ನೂ ಇದೆ. ಕರ್ನಾಟಕಕ್ಕೆ ತನ್ನದೇ ಆದ 1962ರ ನಿಧಿ ಕಾಯ್ದೆ ಇದೆ, ಮಸೂತಿಗೆ ಅನ್ವಯಿಸೋದು ಅದು. ಎರಡರ ತಿರುಳೂ ಒಂದೇ: ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸಿಕ್ಕವನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹೊಲದ ಉತಾರ ನಿಮ್ಮ ಹೆಸರಲ್ಲೇ ಇದ್ದರೂ "ನನ್ನ ಹೊಲ, ನನ್ನ ನಾಣ್ಯ" ಅನ್ನೋ ವಾದ ನಡೆಯಲ್ಲ. 1878ರ ಕಾಯ್ದೆಯಲ್ಲಂತೂ ಮಿತಿ ಹತ್ತು ರೂಪಾಯಿ! ಅದನ್ನು ಮೀರಿದ ಬೆಲೆಯ ವಸ್ತುವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಹಾಗಾಗಿ ಪೊಲೀಸರ ಪ್ರಶ್ನೆ ಡಿಟೆಕ್ಟರ್ ಬಗ್ಗೆ ಇರೋದಕ್ಕಿಂತ, ಸಿಕ್ಕಿದ್ದನ್ನು ನೀವೇನು ಮಾಡಿದಿರಿ ಅನ್ನೋದರ ಬಗ್ಗೆ ಇರುತ್ತೆ.

ಒಂದು ಮಾತು ಮಾತ್ರ ಖಂಡಿತ. ಹಳೇ ಗುಡಿ, ಕೋಟೆ, ದರ್ಗಾ, ವೀರಗಲ್ಲು ಇರೋ ಕಡೆ ಡಿಟೆಕ್ಟರ್ ಒಯ್ಯಲೇಬೇಡಿ. ಸಂರಕ್ಷಿತ ಸ್ಥಳದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ನಿಧಿಗಳ್ಳರು ಲಿಂಗ ಕಿತ್ತು, ಗರ್ಭಗುಡಿ ತೋಡಿ ಹೋದ ಸುದ್ದಿ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ರಾತ್ರಿ ಹೊತ್ತು ಈ ಯಂತ್ರ ಹಿಡಿದು ಓಡಾಡೋರನ್ನು ಊರವರು ಅನುಮಾನದಿಂದ ನೋಡಿದರೆ ಅದು ಊರವರ ತಪ್ಪಲ್ಲ.

ಈಗ ಮಣ್ಣಿನ ವಿಷಯ. ನನಗೆ ಇದರಲ್ಲಿ ಭಾಳ ಇಷ್ಟವಾದ ಭಾಗ ಇದು. ಮಸೂತಿ ಸುತ್ತಮುತ್ತ ಎರೆ ಹೊಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತೆ. ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ಅಂದ್ರೆ ತನ್ನನ್ನು ತಾನೇ ಉಳೋ ನೆಲ. ಮೊನ್ನೆ ಬಿದ್ದ ನಾಣ್ಯ ಮೊಣಕೈ ಆಳಕ್ಕೆ ಇಳಿದಿರಬಹುದು, ಮುನ್ನೂರು ವರ್ಷದ್ದು ಕುಂಟೆಗೆ ಸಿಗಬಹುದು. ಆಳ ನೋಡಿ ಕಾಲ ಹೇಳೋಕೆ ಆಗಲ್ಲ. ಜೊತೆಗೆ ಈ ಮಣ್ಣು ಹುಟ್ಟಿದ್ದು ಕಬ್ಬಿಣದ ಅಂಶವಿರೋ ಕರಿಕಲ್ಲಿನಿಂದ, ಯಂತ್ರ ಸುಮ್ಮಸುಮ್ಮನೆ ಕೂಗುತ್ತೆ. ಅಗ್ಗದ ಡಿಟೆಕ್ಟರ್ ಒಂದು ನಾಣ್ಯವನ್ನು ಗೇಣುದ್ದ ಆಳದಲ್ಲಿ ಗುರುತಿಸಿದರೆ ಅದೇ ದೊಡ್ಡದು.

ಸಿಗೋದೇನು? ಬಹುಪಾಲು ಪೈಸೆಗಳು. 1957ರಲ್ಲಿ ನಯಾ ಪೈಸೆ ಬಂತು. ಆಮೇಲೆ ಅಲ್ಯೂಮಿನಿಯಂನ ಹಗುರ ನಾಣ್ಯಗಳು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅದೃಷ್ಟ ಇದ್ದರೆ ಆದಿಲ್ ಶಾಹಿಗಳ ತಾಮ್ರದ ದುಡ್ಡು. 1686ರಲ್ಲಿ ಔರಂಗಜೇಬ್ ವಿಜಯಪುರ ಗೆಲ್ಲೋವರೆಗೆ ಇಲ್ಲಿ ಅವರದೇ ಆಳ್ವಿಕೆ. ಅವರ ಕಾಲದ ಒಂದು ಬೆಳ್ಳಿ ನಾಣ್ಯ ಇದೆ, ಲಾರಿ ಅಂತ. ಮಡಚಿದ ತಂತಿಯ ತುಂಡು, ಮೇಲೆ ಅರಬ್ಬಿ ಅಕ್ಷರ ಒತ್ತಿರುತ್ತೆ. ಅದು ಓಡಾಡಿದ್ದು ಹೆಚ್ಚಾಗಿ ಕೊಂಕಣ ದಂಡೆಯ ವ್ಯಾಪಾರದಲ್ಲಿ. ಆದರೆ ನಮ್ಮ ಕೈಗೆ ಬಂದರೆ ಹೇರ್‌ಪಿನ್ ಅಂತ ಎಸೆದುಬಿಡ್ತೀವಿ! ಶಾತವಾಹನರ ಕಾಲದ ಸೀಸದ ನಾಣ್ಯವೂ ಹಾಗೇ, ಗುಜರಿ ಸೀಸದ ಹಾಗೆ ಕಾಣುತ್ತೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಥ ಸೀಸದ ನಾಣ್ಯಗಳು ಸಿಕ್ಕಿವೆ. 1947ರ ಉತ್ಖನನದಲ್ಲಿ ಅಲ್ಲೇ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಅಲ್ಲಿ ಒಂದರ ಕಾಲ ತಿಳಿಯೋಕೆ ಇನ್ನೊಂದು ನೆರವಾಯಿತು. ಯಾವ ಪದರದಲ್ಲಿ ಏನಿತ್ತು ಅಂತ ಬರೆದಿಟ್ಟಿದ್ದಕ್ಕೆ ಅದು ಸಾಧ್ಯವಾಯಿತು.

ನಾಣ್ಯದ ನಿಜವಾದ ಬೆಲೆ ಅದು ಸಿಕ್ಕ ಜಾಗ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ದಾರಿ ಕೆಲಸದ ವೇಳೆ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ 46 ಚಿನ್ನದ ನಾಣ್ಯ. ಎಣಿಕೆ ಉಳಿದಿದೆ, ಊರಿನ ಹೆಸರು ಉಳಿದಿದೆ. ಅದರಿಂದಲೇ ಹಳೇ ವ್ಯಾಪಾರದ ದಾರಿಗಳನ್ನು ಊಹಿಸೋಕೆ ಆಗುತ್ತೆ. ಅವೇ ನಾಣ್ಯಗಳು ಅಕ್ಕಸಾಲಿಗರ ಕುಲುಮೆಗೆ ಹೋಗಿದ್ದರೆ?

ಹೋಗ್ತಾವೆ ಅನ್ನೋದೇ ಬೇಜಾರು. ನನ್ನ ಪ್ರಕಾರ ಇದರಲ್ಲಿ ಕಾಯ್ದೆಯ ಪಾಲೂ ಇದೆ. 1878ರ ಲೆಕ್ಕ ನೋಡಿ. ನಿಧಿಗೆ ವಾರಸುದಾರರು ಇಲ್ಲ ಅಂತಾದರೆ ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ಜಮೀನಿನವನಿಗೆ ಒಂದು. ಕೇಳೋಕೆ ಚಲೋ ಐತಿ. ಆದರೆ ಸರ್ಕಾರವೇ ಇಟ್ಟುಕೊಳ್ಳುತ್ತೆ ಅಂದ್ರೆ ಕೊಡೋದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ಚಿನ್ನಕ್ಕೆ ಸರಿ. ತಾಮ್ರದ ದುಡ್ಡಿಗೆ? ಲೋಹದ ಲೆಕ್ಕದಲ್ಲಿ ಬಸ್ ಚಾರ್ಜೂ ಗಿಟ್ಟಲ್ಲ. ಅದೇ ನಾಣ್ಯಕ್ಕೆ ಸಂಗ್ರಹಕಾರ ಹಲವು ಪಟ್ಟು ಕೊಡ್ತಾನೆ. ಹಿಂಗಿದ್ದಾಗ ಕೂಲಿ ಬಿಟ್ಟು ಕಚೇರಿಗೆ ಯಾರು ಅಲೀತಾರೆ? ಇಂಗ್ಲೆಂಡಿನ ಮಾರುಕಟ್ಟೆ ಬೆಲೆಯ ನಿಯಮ ನಮಗೂ ಬೇಕು ಅಂತ ನಾನು ಹೇಳೋದು ಇದಕ್ಕೇ. ಮುಳವಾಡ ಏತ ನೀರಾವರಿ ಕಾಲುವೆಗಳಿಗಾಗಿ ಆ ಭಾಗದಲ್ಲಿ ಎಷ್ಟು ಮಣ್ಣು ಜೆಸಿಬಿ ಬಕೆಟ್‌ನಲ್ಲಿ ಮೇಲೆ ಬಂದಿದೆ, ನೀವೇ ನೋಡಿದ್ದೀರಿ.

ಇನ್ನು ಹೊರಗೆ ಕಳಿಸೋ ಆಸೆ ಬೇಡ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ.

ಹಾಗಾದ್ರೆ ಮಾಡೋದೇನು? ಉಳುವಾಗಲೋ ಬಾವಿ ತೋಡುವಾಗಲೋ ನಾಣ್ಯ ಸಿಕ್ಕರೆ ಅಲ್ಲೇ ಕೈ ನಿಲ್ಲಿಸಿ. ಗಡಿಗೆ ಕಂಡರೆ ಎತ್ತಬೇಡಿ, ಹಾಗೇ ಬಿಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮುಖದ ಫೋಟೋ ತೆಗೀರಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಹೋಗ್ತಾವೆ. ಸರ್ವೆ ನಂಬರ್, ಬದುವಿನಿಂದ ಎಷ್ಟು ಹೆಜ್ಜೆ, ತಾರೀಖು, ಜೊತೆಗೆ ಬಳೆ ಚೂರು, ಬೋಕಿ ಏನಾದರೂ ಇತ್ತಾ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೀರಿ. ವರ್ಷದ ಲೆಕ್ಕ ಅಂದ್ರೆ ಈ ನೋಟ್‌ಬುಕ್. ಬರೀ ಪೈಸೆಗಳಾದರೆ ಅಲ್ಲಿಗೆ ಮುಗೀತು. ಹಳೇದು ಅನ್ನಿಸಿದರೆ ವಿಜಯಪುರದ ಜಿಲ್ಲಾಧಿಕಾರಿಗೆ ಅರ್ಜಿ ಬರೀರಿ, ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಪಾಲು ಎಷ್ಟು, ಹೇಗೆ ಅಂತ ಆ ಅರ್ಜಿಯಲ್ಲೇ ಕೇಳಿ. ನಾಣ್ಯ ಕೊಡೋ ಮೊದಲು ಎಷ್ಟು, ಎಷ್ಟು ತೂಕ ಅಂತ ಬರೆಸಿ, ಸೀಲು-ಸಹಿ ಇರೋ ಸ್ವೀಕೃತಿ ಪಡೆದೇ ಕೊಡಿ.