ಕೋಗಿಲೆಯ ಪಂಚಾಂಗ

ಫಾಲ್ಗುಣವು ಕಳೆಯುತ್ತ ಬಂದಿತೆಂದರೆ ನಮ್ಮ ಹೆಬ್ಬೂರಿನ ಸೀಮೆಯಲ್ಲಿ ಹೊಂಗೆ ಚಿಗುರುತ್ತದೆ, ಮಾವಿನ ತೋಪಿನಲ್ಲಿ ಕೋಗಿಲೆ ಕೂಗುತ್ತದೆ. ಪಂಚಾಂಗವನ್ನು ಬಿಚ್ಚದೆಯೇ ರೈತನು 'ಯುಗಾದಿ ಬಂದಿತು' ಎನ್ನುತ್ತಾನೆ.

ಇಂಥ ಜೋಯಿಸರು ಪರದೇಶದಲ್ಲಿಯೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಪಂಕ್ಸಟಾನಿ ಎಂಬ ಊರಿನಲ್ಲಿ 1887ರಿಂದಲೂ ಫೆಬ್ರವರಿ 2ರಂದು, ಅಳಿಲಿನ ಕುಲಕ್ಕೆ ಸೇರಿದ ಗ್ರೌಂಡ್‌ಹಾಗ್ ಎಂಬ ಬಿಲವಾಸಿಯನ್ನು ಕೇಳುವ ರೂಢಿಯಿದೆ. ಅದು ತನ್ನ ನೆರಳನ್ನು ಕಂಡರೆ ಚಳಿ ಇನ್ನಾರು ವಾರ. ಕಾಣದಿದ್ದರೆ ವಸಂತವು ಬೇಗ. ಈ ಭವಿಷ್ಯವು ಅರ್ಧಕ್ಕಿಂತ ಹೆಚ್ಚು ಸಲ ಸುಳ್ಳಾಗುವುದೆಂದು ಅಲ್ಲಿಯ ಹವಾಮಾನ ಇಲಾಖೆಯೇ ಹೇಳುತ್ತದೆ. ಆದರೂ ಜನರು ವರ್ಷವರ್ಷವೂ ನಗುತ್ತ ಸೇರುತ್ತಾರೆ.

ಇದನ್ನು ಮೆಚ್ಚುವ ನಮ್ಮ ವಿದ್ಯಾವಂತರೇ ಉತ್ತರ ಕರ್ನಾಟಕದ ಕಾರಹುಣ್ಣಿಮೆಯನ್ನು ಮೌಢ್ಯವೆಂದು ಜರೆಯುವುದು ವಿಚಿತ್ರವಲ್ಲವೆ? ಜ್ಯೇಷ್ಠದ ಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಓಡಿಸುತ್ತಾರೆ. ಊರಬಾಗಿಲಿಗೆ ಕಟ್ಟಿದ ಸೊಪ್ಪಿನ ಕರಿಯನ್ನು ಬಿಳಿಯ ಎತ್ತು ಮೊದಲು ಹರಿದರೆ ಜೋಳದಂಥ ಬಿಳಿಯ ಬೆಳೆ, ಕೆಂದೆತ್ತು ಹರಿದರೆ ಕೆಂಪು ಧಾನ್ಯ ಹುಲುಸೆಂಬುದು ನಂಬಿಕೆ.

ಎತ್ತಿನ ಬಣ್ಣಕ್ಕೂ ಮಳೆಗೂ ಸಂಬಂಧವಿಲ್ಲವೆಂಬುದನ್ನು ರೈತನು ಅರಿಯನೆ? ಬೀಜವನ್ನು ಆತನು ನೆಲದ ಹದ ನೋಡಿಯೇ ಬಿತ್ತುತ್ತಾನೆ. ಕೋಗಿಲೆಯೂ ವಸಂತವನ್ನು ಸಾರಲೆಂದು ಕೂಗುವುದಿಲ್ಲ; ಗಂಡು ಹೆಣ್ಣನ್ನು ಕರೆಯುತ್ತದೆ. ಈ ಹಬ್ಬಗಳ ಸಾರವು ಭವಿಷ್ಯದಲ್ಲಿಲ್ಲ, ಋಣಸ್ಮರಣೆಯಲ್ಲಿದೆ. ವರ್ಷವೆಲ್ಲ ದುಡಿದ ಮೂಕಪ್ರಾಣಿಗೆ ಅಂದು ನೊಗವಿಲ್ಲ.

ಈಗ ಉಳುವುದಕ್ಕೆ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆಗಳು ಬರಿದಾಗುತ್ತಿವೆ. ರಸ್ತೆಯನ್ನು ಅಗಲಿಸಲು ಸಾಲುಮರಗಳು ಉರುಳುತ್ತಿವೆ. ಕಾಗೆಗೇ ಗೂಡಿಲ್ಲದಿದ್ದರೆ ಕೋಗಿಲೆಗೆ ಮೊಟ್ಟೆಯಿಡಲು ಎಡೆಯೆಲ್ಲಿ? ಹಬ್ಬದಂದು ನಕ್ಕು ನಲಿಯೋಣ. ಮುಂಗಾರಿಗೆ ಮನೆಗೊಂದು ಹೊಂಗೆಯನ್ನು ನೆಟ್ಟು, ಈ ಜೋಯಿಸನಿಗೆ ಸಲ್ಲಬೇಕಾದ ದಕ್ಷಿಣೆಯನ್ನು ಸಲ್ಲಿಸೋಣ.