ಊರು ಒಂದೇ, ಜೆರ್ಸಿ ನಾಲ್ಕು!

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಇಷ್ಟು ಎಳೆಯ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಎಂಥ ಇತಿಹಾಸ ಇದ್ದೀತು ಎಂದುಕೊಂಡೇ ಕೆದಕಲು ಕೂತೆ. ಅಬ್ಬಾ, ಎಳೆ ಹಿಡಿದು ಎಳೆದಷ್ಟೂ ಹಿಂದೆ ಹಿಂದೆ ಹೋಗುತ್ತದೆ! ಮೊದಲು ಗುಲ್ಬರ್ಗಕ್ಕೆ, ಅಲ್ಲಿಂದ ಧಾರವಾಡಕ್ಕೆ, ಕೊನೆಗೆ ಮದ್ರಾಸಿಗೇ!

ವೀರಶೈವ ಕಾಲೇಜನ್ನೇ ನೋಡಿ. ವೀರಶೈವ ವಿದ್ಯಾವರ್ಧಕ ಸಂಘ 1945ರಲ್ಲಿ ಈ ಕಾಲೇಜು ತೆರೆದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪದವಿ ಕೊಡುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆಯಾದಾಗ ಬಳ್ಳಾರಿ ಅದರ ಪಾಲಿಗೆ ಹೋಯಿತು. 2010ರಿಂದ ಊರಿನದೇ ವಿಶ್ವವಿದ್ಯಾಲಯ. ಕಾಲೇಜು ಮಾತ್ರ ಊರು ಬಿಟ್ಟು ಕದಲಲಿಲ್ಲ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ಮೂವರೂ ಇಲ್ಲೇ ಓದಿ ವಿಶ್ವವಿದ್ಯಾಲಯ ತಂಡಕ್ಕೆ ಆಡಿದ್ದರೆ, ಮೂವರ ಎದೆಯ ಮೇಲೂ ಬೇರೆ ಬೇರೆ ಲಾಂಛನ!

ಈಗಿನ ಬಳ್ಳಾರಿಯ ವಿಚಿತ್ರ ಇನ್ನೂ ಸೊಗಸು. ಸಂಜೆ ಹೊತ್ತು ಒಂದೇ ಬಯಲಿನಲ್ಲಿ ವಾಲಿಬಾಲ್ ಆಡುವ ಹುಡುಗರನ್ನು ನಿಲ್ಲಿಸಿ ವಿಚಾರಿಸಿ. ಎಂಜಿನಿಯರಿಂಗ್ ಓದುವವನು ಆಯ್ಕೆಯಾದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ತಂಡಕ್ಕೆ, ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ತಂಡಕ್ಕೆ, ಬಿ.ಎ., ಬಿ.ಕಾಂ. ಹುಡುಗ ಮಾತ್ರ ಊರಿನ ವಿಶ್ವವಿದ್ಯಾಲಯಕ್ಕೆ. ಜತೆಗೆ, ಕೊಪ್ಪಳಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂದ ಮೇಲೆ ಆ ಜಿಲ್ಲೆಯ ಕಾಲೇಜುಗಳೂ ಬಳ್ಳಾರಿ ವಿಶ್ವವಿದ್ಯಾಲಯದ ಕೈತಪ್ಪಿದವು. ಉಳಿದದ್ದರಲ್ಲೇ ತಂಡ ಕಟ್ಟಬೇಕು.

ಆ ತಂಡ ಕಟ್ಟುವ ಬಗೆ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು. ಅಂತರ ಕಾಲೇಜು ಖೊಖೊ ಪಂದ್ಯದಲ್ಲಿ ಸಿರುಗುಪ್ಪದ ಹುಡುಗ ಕುರುಗೋಡಿನವನನ್ನು ಅಟ್ಟಿಸಿಕೊಂಡು ಹೋಗಿ ಔಟ್ ಮಾಡುತ್ತಾನೆ. ಅಂಕಣದ ಹೊರಗೆ ಕೂತ ಆಯ್ಕೆಗಾರರು ಇಬ್ಬರ ಹೆಸರನ್ನೂ ಬರೆದುಕೊಳ್ಳುತ್ತಾರೆ. ಮುಂದೆ ತರಬೇತಿ ಶಿಬಿರದಲ್ಲಿ ಅದೇ ಇಬ್ಬರು ಒಂದೇ ಸಾಲಿನಲ್ಲಿ, ಒಬ್ಬನ ಮುಖ ಈ ಕಡೆ, ಇನ್ನೊಬ್ಬನದು ಆ ಕಡೆ ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಹಿಂದಿನಿಂದ ಬೆನ್ನಿಗೆ ಅಂಗೈ ತಾಗಬೇಕು, ‘ಖೋ’ ಎಂಬ ಕೂಗು ಕಿವಿಗೆ ಬೀಳಬೇಕು, ಆಗಲೇ ಏಳಬೇಕು. ಬಂದವನ ಮುಖವನ್ನೂ ನೋಡದೆ ಬರೀ ಆ ಮುಟ್ಟುವಿಕೆಯನ್ನು ನಂಬಿ ಬಾಣದ ಹಾಗೆ ನುಗ್ಗಬೇಕು! ಮೊನ್ನೆಯ ಎದುರಾಳಿಯ ಕೈಯನ್ನು ಇವತ್ತು ಹಾಗೆ ನಂಬುವುದಿದೆಯಲ್ಲ, ವಿಶ್ವವಿದ್ಯಾಲಯ ತಂಡ ಎನ್ನುವುದು ಹುಟ್ಟುವುದೇ ಅಲ್ಲಿ. ಹಾಗೆ ಹುಟ್ಟಿದ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ರೈಲು ಹತ್ತುತ್ತದೆ.

ಈ ವಿಶ್ವವಿದ್ಯಾಲಯದ ಹೆಸರಿನ ಕಥೆಯನ್ನೂ ಕೇಳಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಸವರಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸಿ, ಬಳಿಕ ತನ್ನ ಜಟ್ಟಿಯೊಬ್ಬನ ಜತೆ ಕುಸ್ತಿ! ಅದು ಮುಗಿದ ಮೇಲೆ ಕುದುರೆ ಏರಿ ಬೆಳಗಾಗುವವರೆಗೆ ಬಯಲಲ್ಲಿ ಓಟ. ದಿನಾ ಕುಸ್ತಿ ಹಿಡಿಯುತ್ತಿದ್ದ ದೊರೆಯ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಕ್ರೀಡೆ ಕೊನೆಯ ಪುಟದ ವಿಷಯ ಆಗುವುದುಂಟೆ?

ಅದೇ ದೊರೆಯ ಹೆಸರು ಗಡಿಯಾಚೆ, ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೂ ಇದೆ, ಅದು 1981ರದು. 1953ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಸಿರುಗುಪ್ಪ ನಮ್ಮ ಕಡೆ ಉಳಿಯಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಎರಡು ತಾಲ್ಲೂಕಿನ ಹುಡುಗರು ಇಂದು ದಕ್ಷಿಣ ವಲಯದಲ್ಲಿ ಎದುರುಬದುರಾದರೆ, ಎರಡೂ ಜೆರ್ಸಿಯ ಮೇಲೆ ಒಬ್ಬನೇ ರಾಯ!

ಈ ಇತಿಹಾಸವನ್ನು ಯಾವ ವರದಿಯ ಅಂಕಿಅಂಶವೂ ಪೂರ್ತಿ ಹೇಳಲಾರದು. ತಂಡದ ಮಾಸಿದ ಫೋಟೊ, ಪ್ರಮಾಣಪತ್ರ, ವಿಶ್ವವಿದ್ಯಾಲಯಕ್ಕೆ ಆಡಿ ‘ಬ್ಲೂ’ ಎನಿಸಿಕೊಂಡಾಗ ಸಿಕ್ಕ ಬ್ಲೇಜರ್, ಇವೇ ಅದರ ಕಡತ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಿಗೆ ನೀವೋ ನಿಮ್ಮ ಮನೆಯವರೋ ಆಡಿದ್ದರೆ, ಇವತ್ತೇ ಟ್ರಂಕು ತೆಗೆಯಿರಿ. ಫೋಟೊದ ಹಿಂದೆ ಹೆಸರು, ವರ್ಷ, ಯಾವ ವಿಶ್ವವಿದ್ಯಾಲಯದ ತಂಡ ಎಂದು ಬರೆದು, ಒಂದು ಪ್ರತಿಯನ್ನು ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ, ಅಂದರೆ ಪಿ.ಡಿ. ಸರ್ ಕೈಗೆ ಮುಟ್ಟಿಸಿ.