ಒಂದೇ ದೇಶ, ಐವತ್ತು ಲೆಕ್ಕ

ಅಮೆರಿಕದ ಫ್ಲಾರಿಡಾದಲ್ಲಿ ಕೆಲಸ ಕಳೆದುಕೊಂಡವರಿಗೆ ಸಿಗುವ ನಿರುದ್ಯೋಗ ಭತ್ಯೆ, ಮೊದಲಿನ ಸಂಬಳ ಎಷ್ಟೇ ಇದ್ದಿರಲಿ, ವಾರಕ್ಕೆ 275 ಡಾಲರ್ ದಾಟುವುದಿಲ್ಲ. ಅದೇ ಸಂಬಳದ ಅದೇ ಕೆಲಸ ವಾಷಿಂಗ್ಟನ್ ರಾಜ್ಯದಲ್ಲಿ ಇದ್ದಿದ್ದರೆ ವಾರಕ್ಕೆ ಸಾವಿರ ಡಾಲರ್‌ಗೂ ಮಿಕ್ಕಿ ಸಿಗಬಹುದಿತ್ತು. ಈ ಅಂತರದ ಬೇರು 1930ರ ದಶಕದಲ್ಲಿದೆ.

ಮಹಾ ಆರ್ಥಿಕ ಕುಸಿತಕ್ಕೂ ಮುಂಚೆಯೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜಾನ್ ಆರ್. ಕಾಮನ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ವಾದ ಹೂಡಿದ್ದರು. ಕಾರ್ಖಾನೆಯಲ್ಲಿ ಕೈ ಮುರಿದುಕೊಂಡ ಕೆಲಸಗಾರನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಬಂದ ಮೇಲೆ ಮಾಲೀಕರೇ ಮುಂದಾಗಿ ಯಂತ್ರಗಳಿಗೆ ರಕ್ಷಣೆ ಹಾಕಿಸಿದರು. ಹಾಗೆಯೇ ಕೆಲಸದಿಂದ ತೆಗೆದರೂ ದುಡ್ಡು ಕಟ್ಟಬೇಕೆಂದಾದರೆ ಮಾಲೀಕರು ಜನರನ್ನು ತೆಗೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ ಎಂಬುದು ಅವರ ನಂಬಿಕೆ. ನಿರುದ್ಯೋಗ ಸೋಮಾರಿತನದ ಫಲವಲ್ಲ, ಉದ್ಯಮದ ಅಪಘಾತ ಎಂಬ ಈ ನೋಟ ಆ ಕಾಲಕ್ಕೆ ದೊಡ್ಡ ಮಾತು. ಇದನ್ನೇ ನೆಚ್ಚಿ 1921ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಕಾಮನ್ಸ್ ಅವರ ಶಿಷ್ಯರು ಬಿಡಲಿಲ್ಲ. 1932ರ ಜನವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯ ದೇಶದಲ್ಲೇ ಮೊದಲ ನಿರುದ್ಯೋಗ ವಿಮೆ ಕಾನೂನನ್ನು ತಂದಿತು. ಅದರಡಿ ಮೊದಲ ಚೆಕ್ ಮ್ಯಾಡಿಸನ್ ನಗರದ ಕೆಲಸಗಾರರೊಬ್ಬರ ಕೈಸೇರಿದ್ದು 1936ರ ಆಗಸ್ಟ್‌ನಲ್ಲಿ: 15 ಡಾಲರ್.

ಇದನ್ನು ಇಡೀ ದೇಶಕ್ಕೆ ಹರಡುವ ಹೊಣೆ ಹೊತ್ತವರು ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಸಂಪುಟದ ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್, ಅಮೆರಿಕದ ಸಂಪುಟಕ್ಕೆ ಬಂದ ಮೊದಲ ಮಹಿಳೆ. ಕೇಂದ್ರ ಸರ್ಕಾರ ನೇರವಾಗಿ ಭತ್ಯೆ ಹಂಚಿದರೆ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕೀತೆಂಬ ಭಯ ಅವರಿಗಿತ್ತು. ಒಂದು ಚಹಾಕೂಟದಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್, ತೆರಿಗೆ ಹಾಕುವ ಅಧಿಕಾರವೊಂದಿದ್ದರೆ ನಿಮ್ಮ ಕೆಲಸಕ್ಕೆ ಸಾಕು ಎಂದು ತಮ್ಮ ಕಿವಿಯಲ್ಲಿ ಹೇಳಿದ್ದನ್ನು ಪರ್ಕಿನ್ಸ್ ಮುಂದೆ ಬರೆದುಕೊಂಡಿದ್ದಾರೆ. ಹೂಡಿದ ಉಪಾಯವೂ ಅದೇ. ಕೇಂದ್ರ ಮಾಲೀಕರ ಮೇಲೆ ತೆರಿಗೆ ಹಾಕುವುದು. ಯಾವ ರಾಜ್ಯ ತನ್ನದೇ ನಿರುದ್ಯೋಗ ವಿಮೆ ನಡೆಸುತ್ತದೋ ಅಲ್ಲಿನ ಮಾಲೀಕರಿಗೆ ಆ ತೆರಿಗೆಯಲ್ಲಿ ನೂರಕ್ಕೆ 90 ಪಾಲು ಬಿಟ್ಟುಕೊಡುವುದು. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಇದು ಸೇರಿತು, 1937ರಲ್ಲಿ ಸುಪ್ರೀಂ ಕೋರ್ಟ್ 5–4ರ ಅಂತರದಲ್ಲಿ ಒಪ್ಪಿತು. ಅಷ್ಟರಲ್ಲಿ ಒಂದಾದ ಮೇಲೊಂದು ರಾಜ್ಯ ಕಾನೂನು ಮಾಡಿಕೊಂಡಿತ್ತು. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಎಲ್ಲರಿಗಿಂತ ಬಡವರಾದವರನ್ನೇ ಬಿಟ್ಟ ಆ ಅನ್ಯಾಯವನ್ನು ಒಂದಷ್ಟು ಸರಿಪಡಿಸಿದ್ದು 1976ರ ತಿದ್ದುಪಡಿ.

ಕೋರ್ಟಿನಲ್ಲಿ ಕಾನೂನನ್ನು ಉಳಿಸಿದ ಆ ಉಪಾಯವೇ ಇವತ್ತಿನ ಅಸಮಾನತೆಗೂ ಕಾರಣ. ಎಷ್ಟು ಕೊಡಬೇಕು, ಎಷ್ಟು ವಾರ ಕೊಡಬೇಕು ಎಂಬುದೆಲ್ಲ ರಾಜ್ಯಗಳ ಕೈಗೆ ಹೋಯಿತು. ಕೇಂದ್ರದ ತೆರಿಗೆ ಬೀಳುವುದು ಒಬ್ಬ ಕೆಲಸಗಾರನ ವರ್ಷದ ಸಂಬಳದ ಮೊದಲ 7,000 ಡಾಲರ್ ಮೇಲೆ ಮಾತ್ರ. 1983ರಿಂದ ಈ ಮೊತ್ತ ಕದಲಿಲ್ಲ. ಫ್ಲಾರಿಡಾ ತನ್ನ ತೆರಿಗೆಯನ್ನೂ ಅಷ್ಟಕ್ಕೇ ನಿಲ್ಲಿಸಿಕೊಂಡಿದೆ. ವಾಷಿಂಗ್ಟನ್ ರಾಜ್ಯ 60 ಸಾವಿರ ಡಾಲರ್‌ಗೂ ಹೆಚ್ಚಿನ ಸಂಬಳದವರೆಗೆ ತೆರಿಗೆ ಹಾಕುತ್ತದೆ. ನಿಧಿಗೆ ಬಂದಷ್ಟೇ ತಾನೆ ಹೊರಗೆ ಹೋಗುವುದು! ಬೇರೆ ಕಡೆ ಸಾಮಾನ್ಯವಾಗಿ 26 ವಾರ ಸಿಗುವ ಭತ್ಯೆ, ನಿರುದ್ಯೋಗ ಕಡಿಮೆಯಿರುವಾಗ ಫ್ಲಾರಿಡಾದಲ್ಲಿ 12 ವಾರಕ್ಕೇ ಮುಗಿಯುತ್ತದೆ.

ಅರ್ಹತೆಯ ನಿಯಮಗಳಲ್ಲಿ ಕಾಮನ್ಸ್ ಅವರ ನೋಟ ಇನ್ನೂ ಉಳಿದಿದೆ. ಕೆಲಸ ಹೋದದ್ದು ತನ್ನ ತಪ್ಪಿನಿಂದ ಆಗಿರಬಾರದು. ಸಕಾರಣವಿಲ್ಲದೆ ತಾನೇ ಬಿಟ್ಟವರಿಗೂ ದುರ್ವರ್ತನೆಗಾಗಿ ವಜಾ ಆದವರಿಗೂ ಸಿಗುವುದಿಲ್ಲ. ಕೆಲಸ ಮಾಡುವ ಶಕ್ತಿ ಇರಬೇಕು, ಸಿಕ್ಕರೆ ಸೇರಲು ಸಿದ್ಧರಿರಬೇಕು, ಹುಡುಕುತ್ತಲೂ ಇರಬೇಕು. ಇದರ ಜೊತೆಗೆ ಹಿಂದಿನ ಗಳಿಕೆಯ ಲೆಕ್ಕ. ಮುಗಿದ ಕೊನೆಯ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕನ್ನು ಸಾಮಾನ್ಯವಾಗಿ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ನಾಲ್ಕರಲ್ಲಿ ಹೆಚ್ಚು ದುಡಿದ ತ್ರೈಮಾಸಿಕದ ಸಂಬಳವನ್ನು 26ರಿಂದ ಭಾಗಿಸುತ್ತಾರೆ. ಮೂರು ತಿಂಗಳೆಂದರೆ 13 ವಾರ. ಅದರ ಇಮ್ಮಡಿಯಿಂದ ಭಾಗಿಸಿದರೆ ವಾರದ ಸಂಬಳದ ಅರ್ಧ ಸಿಗುತ್ತದೆ. 7,800 ಡಾಲರ್ ದುಡಿದವರಿಗೆ ವಾರಕ್ಕೆ 300. ಆದರೆ 450ಕ್ಕೆ ಮಿತಿ. 2005ರಿಂದ ಅದು ಏರಿಲ್ಲ. ಅಲ್ಲಿನ ಮನೆ ಬಾಡಿಗೆ ಬಲ್ಲವರಿಗೆ ಈ 450 ಎಷ್ಟು ದಿನಕ್ಕೆ ಬರುತ್ತದೆಂದು ಹೇಳಬೇಕಾಗಿಲ್ಲ.

ಐಟಿ ಕಂಪನಿಗಳು ಲೇಆಫ್ ಮಾಡಿದಾಗಲೆಲ್ಲ ಅಲ್ಲಿನ ಕನ್ನಡದ ಮನೆಗಳಲ್ಲೂ ಈ ಲೆಕ್ಕ ಶುರುವಾಗುತ್ತದೆ. ಗ್ರೀನ್ ಕಾರ್ಡ್ ಇದ್ದವರು ಉಳಿದವರಂತೆಯೇ ಅರ್ಜಿ ಹಾಕಬಹುದು. ಎಚ್-1ಬಿ ವೀಸಾದವರ ಸ್ಥಿತಿ ಬೇರೆ. ಅವರ ಸಂಬಳದ ಮೇಲೂ ಮಾಲೀಕರು ಈ ತೆರಿಗೆ ಕಟ್ಟಿರುತ್ತಾರೆ. ಆದರೆ ಕೆಲಸ ಹೋದೊಡನೆ ಬೇರೆಡೆ ದುಡಿಯುವ ಅನುಮತಿಯೂ ಇಲ್ಲದಂತಾಗುವುದರಿಂದ ‘ಕೆಲಸಕ್ಕೆ ಸಿದ್ಧರಿರುವವರು’ ಎಂಬ ಷರತ್ತಿನಲ್ಲೇ ಸಾಮಾನ್ಯವಾಗಿ ಅರ್ಜಿ ಬೀಳುತ್ತದೆ. ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಇರುವುದು ಹೆಚ್ಚೆಂದರೆ 60 ದಿನಗಳ ಗಡುವು. ಅವರ ಹೆಸರಿನಲ್ಲಿ ತೆರಿಗೆ ಪಡೆದ ಮೇಲೆ ಕಷ್ಟಕಾಲದಲ್ಲಿ ಬಾಗಿಲು ಹಾಕುವುದು ನ್ಯಾಯವಲ್ಲ.

ನಿಮ್ಮ ಮಗನೋ ಸೊಸೆಯೋ ಅಲ್ಲಿದ್ದು ಕೆಲಸ ಹೋಗಿದ್ದರೆ, ಅರ್ಹತೆ ಇದ್ದೂ ಸಂಕೋಚದಿಂದ ಸುಮ್ಮನಿದ್ದರೆ, ದಯವಿಟ್ಟು ಹೇಳಿ: ಇದು ದಾನವಲ್ಲ, ವಿಮೆ. ಅರ್ಜಿಯನ್ನು ಕೆಲಸ ಮಾಡುತ್ತಿದ್ದ ರಾಜ್ಯದಲ್ಲೇ ಹಾಕಬೇಕು. ಭತ್ಯೆಯ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಕೆಲಸ ಹೋದ ದಿನದಿಂದಲ್ಲ, ಅರ್ಜಿ ಹಾಕಿದ ವಾರದಿಂದ. ಆದ್ದರಿಂದ ಆ ವಾರವೇ ಹಾಕಲಿ.